ವೆಲಿಚ್ಕೊನ ಬೋಳು ಸಾಲು

ನನ್ನ ಭಾವ ವೆಲಿಚ್ಕೊ ಒಳ್ಳೆಯವನು ಎನ್ನುವವರು ಅವನ ಪಕ್ಕದ ಮನೆಯಲ್ಲಿ ಇದ್ದು ನೋಡಬೇಕು. ನಾನು ಇದ್ದೇನೆ. ನಡುವಿನ ಬೇಲಿಯ ಮೇಲೆ ಅವನ ದ್ರಾಕ್ಷಿ ಬಳ್ಳಿ. ಅದು ನಮ್ಮ ಕಡೆ ಹಬ್ಬಿದರೆ ಹಣ್ಣು ಅವನದು, ಉದುರಿದ ಎಲೆ ನನ್ನದು. ದೋಬ್ರುಜಾ ಸೀಮೆಯ ಈ ಊರಿನಲ್ಲಿ ಅವನ ಜೊತೆ ಜಗಳವಾಡದೆ ಉಳಿದವರೆಂದರೆ ಪಾದ್ರಿ ಒಬ್ಬರೇ, ಅದೂ ಅವರಿಗೆ ಕಿವಿ ಕೇಳಿಸದ ಕಾರಣ. ಅವನ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಸಾಕಿದ ನಾಯಿಯೂ ನಮ್ಮ ಅಂಗಳದಲ್ಲೇ ಮಲಗುತ್ತದೆ.

ಸಾಮೂಹಿಕ ಬೇಸಾಯ ಮುರಿದುಬಿದ್ದ ವರ್ಷ ಅವನೂ ನನ್ನ ಗಂಡ ನೈದೆನನೂ ಸೇರಿ ಹರಾಜಿನಲ್ಲಿ ಒಂದು ಹಳೆಯ ಕೂರಿಗೆ ಹಿಡಿದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಕಬ್ಬಿಣದ ಕೂರಿಗೆ. ಮೇಲೆ ಉದ್ದನೆಯ ಬೀಜದ ಪೆಟ್ಟಿಗೆ, ಅದರ ತಳದಿಂದ ಇಳಿಯುವ ಕೊಳವೆಗಳು, ಒಂದೊಂದು ಕೊಳವೆಗೂ ಒಂದೊಂದು ಬಾಗಿದ ಹಲ್ಲು. ನೈದೆನ್ ತೀರಿಕೊಂಡ ಮೇಲೆ ಅವನ ಅರ್ಧ ನನ್ನದಾಯಿತು. ಆವತ್ತಿನಿಂದ ವೆಲಿಚ್ಕೊಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಪ್ರತಿ ವರ್ಷ ಮಣ್ಣು ಹದವಾಗಿರುವಾಗ ತಾನು ಬಿತ್ತುತ್ತಿದ್ದ. ಮಳೆ ಹಿಡಿದ ಮೇಲೆ, ಹಲ್ಲುಗಳಲ್ಲಿ ಹುಲ್ಲು ಸಿಕ್ಕಿಸಿಕೊಂಡು, ಮೊನೆ ಸವೆಸಿಕೊಂಡು ಕೂರಿಗೆ ನನ್ನ ಬಾಗಿಲಿಗೆ ಬರುತ್ತಿತ್ತು. ಬಿಚ್ಚಿ ಸರಿಮಾಡುವ ಪಾಡು ನನ್ನದು.

ಈ ಸಲ ನನಗೆ ತಡೆಯಲಾಗಲಿಲ್ಲ. ಸ್ತಾಮಾಟನ ಹೆಂಡದಂಗಡಿಗೇ ಹೋಗಿ ಎಲ್ಲರೆದುರು ಕೇಳಿದೆ.

"ಭಾವ, ಈ ವರ್ಷ ಮೊದಲು ಬಿತ್ತೋಳು ನಾನು. ರಿಪೇರಿಗೆ ನಾನು, ಕೆಸರಲ್ಲಿ ಎಳೆಯೋದಕ್ಕೂ ನಾನೇನಾ?"

"ಬಿತ್ತಮ್ಮ, ಯಾರು ಬೇಡ ಅಂದ್ರು?" ಎಂದು ಅವನು ಲೋಟ ಕೆಳಗಿಟ್ಟ. "ಬಿತ್ತನೆ ಮುಗಿದ್ಮೇಲೆ ದಿಮಿತರ್ ಹಬ್ಬಕ್ಕೆ ಊರೋರೆಲ್ಲ ಹೊಲ ನೋಡಿ ಬರ್ತಾರಲ್ಲ, ಆವತ್ತು ಯಾರ ಸಾಲು ಕೆಟ್ಟಿರುತ್ತೋ ಅವರು ಕೂರಿಗೆ ಮೇಲಿನ ಹಕ್ಕು ಬಿಡಬೇಕು. ಆಗುತ್ತಾ?"

"ಆಗುತ್ತೆ."

ಹೊರಗೆ ಬಂದ ಮೇಲೆ ಲೆಕ್ಕ ಹಾಕಿದೆ. ಕೂರಿಗೆ ಹೋದರೆ ನನ್ನ ಹೊಲವನ್ನು ಅವನೇ ಗೇಣಿಗೆ ಹಿಡಿಯುತ್ತಾನೆ. ಆಮೇಲೆ ನಾನು ಅವನ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸಿಕೊಂಡು ಇರಬೇಕು. ಅವನಿಗೆ ಬೇಕಾಗಿದ್ದೂ ಅದೇ.

ಸವೆದ ಮೊನೆಗಳನ್ನು ತಿರುಗಿಸಿ ಹಾಕಿದೆ, ಚಕ್ರಕ್ಕೆ ಗ್ರೀಸ್ ತುಂಬಿದೆ, ಒಂದೊಂದು ಕೊಳವೆಯನ್ನೂ ಊದಿ ನೋಡಿದೆ. ಕೆಳಗೆ ಟಾರ್ಪಾಲು ಹಾಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ಬೀಜ ಎಲ್ಲ ಕಡೆ ಸಮನಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸಿದೆ. ಬಿತ್ತುವಾಗ ಹೊಲದ ಅಂಚು ಮುಟ್ಟಿದಾಗಲೆಲ್ಲ ಇಳಿದು ಹಲ್ಲುಗಳನ್ನು ನೋಡುತ್ತಿದ್ದೆ. ವೆಲಿಚ್ಕೊ ದಾರಿಯಲ್ಲಿ ನಿಂತು ನಕ್ಕ.

"ಏನಮ್ಮಾ ದಾಫಿನಾ, ಹಲ್ಲು ನೋಡ್ತಿದೀಯಲ್ಲ, ಕುದುರೆ ಕೊಳ್ಳೋಕೆ ಬಂದ್ಯಾ?"

ನನ್ನ ಬಿತ್ತನೆ ಮುಗಿದ ಮೇಲೆ ಅವನು ಬಿತ್ತಿದ. ಸಿಗರೇಟು ಸೇದುತ್ತಾ ಒಂದೇ ದಿನದಲ್ಲಿ ಮುಗಿಸಿ, ಪೆಟ್ಟಿಗೆಯಲ್ಲಿ ಉಳಿದ ಬೀಜವನ್ನೂ ತೆಗೆಯದೆ ಕೂರಿಗೆಯನ್ನು ತನ್ನ ಕೊಟ್ಟಿಗೆಗೆ ನೂಕಿದ.

ಗೋಧಿ ಮೊಳೆಯಿತು. ನನ್ನ ಹೊಲ ಬಾಚಿದ ತಲೆಯ ಹಾಗೆ ಅಚ್ಚುಕಟ್ಟಾಗಿತ್ತು. ಅವನ ಹೊಲದಲ್ಲಿ ಮೊದಲ ಕೆಲವು ಸುತ್ತು ಬಿಟ್ಟರೆ ಕೊನೆಯವರೆಗೂ, ಪ್ರತಿ ಸುತ್ತಿನಲ್ಲೂ ಒಂದು ಸಾಲು ಪೂರ್ತಿ ಬೋಳು. ಹಬ್ಬದ ದಿನ ಊರವರು ರಸ್ತೆಯಲ್ಲಿ ನಿಂತು ಆ ಬೋಳು ಸಾಲುಗಳನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಇವಳೇ ಕೊಳವೆಗೆ ಏನೋ ತುರುಕಿದಾಳೆ," ಎಂದು ವೆಲಿಚ್ಕೊ ಕೂಗಾಡಿದ. "ಬನ್ನಿ, ನಿಮ್ಮ ಕಣ್ಣೆದುರಿಗೇ ಬಿಚ್ಚಿಸ್ತೀನಿ."

ಎಲ್ಲರೂ ಅವನ ಕೊಟ್ಟಿಗೆಗೆ ಹೋದೆವು. ಸ್ತಾಮಾಟ್ ಪೆಟ್ಟಿಗೆಯಲ್ಲಿ ಬೂಸಲು ಹಿಡಿದಿದ್ದ ಬೀಜವನ್ನು ಮೊಗೆದು ಚೆಲ್ಲಿ, ತಳದಲ್ಲಿ ಕಟ್ಟಿಕೊಂಡಿದ್ದ ಕೊಳವೆಯ ಬಾಯಿಗೆ ಬೆರಳು ಹಾಕಿ ಎಳೆದ. ಕೆಂಪು ಉಣ್ಣೆ ದಾರ ಬಂತು. ಅದರ ತುದಿಗೆ ಒಂದು ಬೆಳ್ಳಿ ನಾಣ್ಯ, ಒಂದು ಎಸಳು ಬೆಳ್ಳುಳ್ಳಿ.

ಕೊರಳಿಗೆ ಚೀಲ ಹಾಕಿಕೊಂಡು ಕೈಯಿಂದ ಬೀಜ ಎರಚುತ್ತಿದ್ದ ಕಾಲದಲ್ಲಿ ತಾಯಂದಿರು ಮೊದಲ ಬಿತ್ತನೆಯ ದಿನ ಚೀಲದೊಳಗೆ ಇಂಥ ಗಂಟು ಹಾಕುತ್ತಿದ್ದರು. ಯಂತ್ರದ ಹೊಟ್ಟೆಗೆ ಅದನ್ನು ಹಾಕಿದವರನ್ನು ನಾನು ಕಂಡಿರಲಿಲ್ಲ.

ನನ್ನತ್ತೆ ಕೆರಾ ಹಿರಿಯ ಮಗ ವೆಲಿಚ್ಕೊನ ಮನೆಯಲ್ಲೇ ಇರುತ್ತಾಳೆ. ಊರುಗೋಲು ಊರಿಕೊಂಡು ಮುಂದೆ ಬಂದಳು.

"ನಾನು ಹಾಕಿದ್ದು. ನೀನು ಬಿತ್ತೋಕೆ ಹೊರಟ ಬೆಳಿಗ್ಗೆ."

"ಅದನ್ನ ಪೆಟ್ಟಿಗೆಗಾ ಹಾಕೋದು?"

"ಮತ್ತೆಲ್ಲಿಗೆ ಹಾಕ್ಲಿ? ನಿನ್ನ ಕೊರಳಲ್ಲಿ ಚೀಲ ಇದೆಯಾ? ಬೆಳೆ ಹುಲುಸಾಗ್ಲಿ ಅಂತ ಹಾಕ್ದೆ."

"ಹಾಳು ಮುದುಕಿ, ನನ್ನ ಮಾನ ತೆಗೆದೆ," ಎಂದು ಅವನು ಹೆತ್ತ ತಾಯಿಯ ಮೇಲೆ ಕೈಯೆತ್ತಿಕೊಂಡು ಹೋದ. ಸ್ತಾಮಾಟ್ ಅಡ್ಡ ನಿಂತ.

"ಅವಳು ಹಾಕಿದ್ದು ಒಂದು ಸಲ ಕಣಯ್ಯ. ಹೊಲವೆಲ್ಲ ಸುತ್ತಿದೋನು ನೀನು. ಒಂದು ಸಲನಾದ್ರೂ ಹಿಂದೆ ತಿರುಗಿ ನೋಡಬಾರದಿತ್ತಾ? ಕೂರಿಗೆ ದಾಫಿನಾಗೆ. ಮಾತು ಅಂದ್ರೆ ಮಾತು."

ವೆಲಿಚ್ಕೊ ಉಗಿದು ಒಳಗೆ ಹೋದ. ನಾನು ಟ್ರ್ಯಾಕ್ಟರ್ ತಂದು ಕೂರಿಗೆಯ ಮುಂದೆ ನಿಲ್ಲಿಸಿದೆ. ಸುಮ್ಮನೆ ಹೊರಟುಬಿಡಬೇಕಿತ್ತು. ಬಾಯಿ ಸುಮ್ಮನಿರಲಿಲ್ಲ.

"ಅತ್ತೆ, ನಾನು ಬಿತ್ತಿದ ದಿನ ನೀವು ಏನೂ ಹಾಕಲಿಲ್ವಾ?"

ಅವಳು ನನ್ನನ್ನು ನೇರವಾಗಿ ನೋಡಿದಳು. ಕಾಲು ನೋವೆಂದಾಗಲೆಲ್ಲ ಬಿಸಿನೀರು ಕಾಯಿಸಿ ಆ ಕಾಲು ತೊಳೆದವಳು ನಾನು.

"ನಿಂಗ್ಯಾಕೆ ಹಾಕ್ಲಿ? ನನ್ನ ಮಗ ಹೋದ. ಆ ಹೊಲ ಬೆಳೆದ್ರೇನು, ಒಣಗಿದ್ರೇನು?"

ಕೂರಿಗೆಗೆ ಕೊಂಡಿ ಹಾಕುವಾಗ ಎರಡು ಸಲ ತಪ್ಪಿಸಿ, ಮೂರನೆಯ ಸಲಕ್ಕೆ ಕೂರಿಸಿದೆ. ಗೆದ್ದ ಸಂತೋಷಕ್ಕೆ ಹೀಗೆ ಎಂದು ಊರವರು ತಿಳಿದರು. ತಿಳಿಯಲಿ ಎಂದು ಬಿಟ್ಟೆ.