ಮೂರು ಎಣಿಸುವವರೆಗೆ

ನಾನು ಒಟ್ಟು ಮೂರು ವಾರ ವೃತ್ತಿಪರ ಕುಸ್ತಿಪಟುವಾಗಿದ್ದೆ. ಅದಕ್ಕೂ ಮೊದಲು ಹದಿನಾರು ವರ್ಷ ಬರೀ ಪೈಲ್ವಾನ. ಎರಡಕ್ಕೂ ಇರುವ ವ್ಯತ್ಯಾಸವನ್ನು ನನಗೆ ತಿಳಿಸಿಕೊಟ್ಟವನು ಶ್ರೀನಿವಾಸಪುರದ ಕಡೆಯ ಒಬ್ಬ ಯಜಮಾನ. ಮದುವೆಗಳಿಗೆ ಶಾಮಿಯಾನ, ಸೌಂಡು, ಲೈಟು ಕೊಡುತ್ತಿದ್ದವನು. ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ನೋಡಿ ನೋಡಿ, ಕೋಲಾರ ಜಿಲ್ಲೆಗೂ ಇಂಥದ್ದೊಂದು ಬೇಕು ಅಂತ ಅವನಿಗೆ ಅನ್ನಿಸಿತಂತೆ. ಜಿಲ್ಲೆ ಏನೂ ಕೇಳಿರಲಿಲ್ಲ.

ಆಗ ನಾನು ವೇಮಗಲ್‌ನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ. ಲಾರಿ ನಂಬರ್ ಬರೆದುಕೊಳ್ಳುವುದು, ಸಾಹೇಬರ ಕಾರು ಬಂದರೆ ಸೆಲ್ಯೂಟ್ ಹೊಡೆಯುವುದು, ಇಷ್ಟೇ ಕೆಲಸ. ಯಜಮಾನ ಒಂದು ದಿನ ಗೇಟಿಗೇ ಬಂದ. ಮಂಡಿಯಲ್ಲಿ ಮಾವಿನಹಣ್ಣು ಅದುಮಿ ನೋಡುವ ಹಾಗೆ ನನ್ನ ತೋಳನ್ನು ಅದುಮಿ ನೋಡಿದ.

"ಏನಪ್ಪಾ ಪೈಲ್ವಾನ್, ಇಂಥಾ ತೋಳು ಇಟ್ಕೊಂಡು ಗೇಟ್ ತೆಗೀತಾ ಕೂತಿದ್ದೀಯಲ್ಲ, ನಾಚ್ಕೆ ಆಗಲ್ವಾ?"

ಆಗುತ್ತಿತ್ತು. ಅದಕ್ಕೇ ಆ ವಾರವೇ ಕೆಲಸ ಬಿಟ್ಟೆ. ಮೊದಲು ಕೋಲಾರ, ಆಮೇಲೆ ಮಾಲೂರು, ಮುಳಬಾಗಿಲು, ಕೊನೆಗೆ ಶ್ರೀನಿವಾಸಪುರ, ಹೀಗೆ ನಾಲ್ಕು ಶೋ. ಜನ ಒಪ್ಪಿದರೆ ಒಂದು ವರ್ಷದ ಅಗ್ರಿಮೆಂಟು, ತಿಂಗಳ ಸಂಬಳ. ಕುಸ್ತಿಗೆ ಸಂಬಳ ಕೊಡುತ್ತಾರೆ ಎಂದರೆ ಯಾವ ಪೈಲ್ವಾನನಿಗೆ ತಲೆ ನಿಲ್ಲುತ್ತದೆ ಹೇಳಿ.

ನನ್ನ ಗರಡಿ ಮುಳಬಾಗಿಲಿನದು. ಅದರ ಉಸ್ತಾದರು ಬೆಳಿಗ್ಗೆ ನಮಗೆ ಪಟ್ಟು ಹೇಳಿಕೊಡುತ್ತಾರೆ, ಹಗಲು ಹೊತ್ತು ಬಜಾರಿನಲ್ಲಿ ಕೂತು ಬೀಗ ರಿಪೇರಿ ಮಾಡುತ್ತಾರೆ. ಎಪ್ಪತ್ತು ದಾಟಿದೆ. ಮನೆಯಲ್ಲಿ ದಖ್ಖನಿ, ಬಜಾರಿನಲ್ಲಿ ತೆಲುಗು, ಗರಡಿಯಲ್ಲಿ ಕನ್ನಡ, ಮೂರರಲ್ಲೂ ಮಾತು ಕಡಿಮೆ. ಅವರ ಗರಡಿಯಲ್ಲಿ ಎರಡು ಕಟ್ಟಳೆ. ಒಂದು, ಬಾಗಿಲ ಬಳಿ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೈಲ್ವಾನರು ಕೂರುವಂತಿಲ್ಲ. ಅದು ನೋಡಲು ಬರುವವರಿಗೆ, ಮೇಷ್ಟ್ರು, ಮೆಂಬರು, ಪೊಲೀಸಿನವರಿಗೆ. ಅವರಿಗೆ ಟೀ ಕೂಡ ಬರುತ್ತದೆ. ನಮಗೆ ನೆಲ, ನೀರು.

ಎರಡನೆಯದು, ಎಲ್ಲಾದರೂ ಕುಸ್ತಿಯಲ್ಲಿ ಚಿತ್ ಆಗಿ ಬಂದವನು, ಅಂದರೆ ಬೆನ್ನು ನೆಲಕ್ಕೆ ಹತ್ತಿಸಿಕೊಂಡು ಬಂದವನು, ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಇಡೀ ಮಟ್ಟಿ ಅಗೆಯಬೇಕು. ಮಟ್ಟಿ ಎಂದರೆ ನಾವು ಕುಸ್ತಿ ಆಡುವ ಕೆಮ್ಮಣ್ಣಿನ ಅಂಕಣ. ಅಗೆದು, ಹೆಂಟೆ ಒಡೆದು, ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ಹದ ಮಾಡಬೇಕು. ಇದನ್ನು ಶಿಕ್ಷೆ ಅಂತ ಯಾರೂ ಅನ್ನುವುದಿಲ್ಲ. ಅಗೆದು ಮುಗಿಸಿದ ಮೇಲೆ ಆ ಸೋಲಿನ ಸುದ್ದಿ ಗರಡಿಯಲ್ಲಿ ಯಾರೂ ಎತ್ತುವಂತಿಲ್ಲ. ಸೋಲು ಅಲ್ಲಿಗೆ ಮಣ್ಣಾಯಿತು. ಹುಡುಗಾಟದ ವಯಸ್ಸಿನಲ್ಲಿ ನಾನು ಎರಡು ಸಲ ಅಗೆದಿದ್ದೆ. ಆಮೇಲೆ ಗುದ್ದಲಿ ಮುಟ್ಟುವ ಸಂದರ್ಭ ಬರಲಿಲ್ಲ. ಆಸ್ತಿ ಅಂತ ಹೇಳಿಕೊಳ್ಳಲು ನನಗೆ ಇದ್ದದ್ದು ಇದೊಂದೇ.

ಹೊಸ ಕಂಪನಿಯ ತಾಲೀಮು ನಡೆದದ್ದು ಮಾವಿನ ಕಾಲ ಮುಗಿದು ಖಾಲಿ ಬಿದ್ದಿದ್ದ ಒಂದು ಮಂಡಿಯ ಶೆಡ್ಡಿನಲ್ಲಿ. ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್ಡು, ಅದರ ಮೇಲೆ ಫೋಮು, ಟಾರ್ಪಾಲು, ಸುತ್ತ ಹಗ್ಗ. ಇದು ರಿಂಗು. ಮೊದಲ ದಿನ ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಬಗ್ಗಿ, ಅದನ್ನು ಮುಟ್ಟಿ ಹಣೆಗೆ ಒತ್ತಿಕೊಂಡೆ.

"ಅಣ್ಣ, ಮುಟ್ಬೇಡ, ಗೋಂದು ಇನ್ನೂ ಒಣಗಿಲ್ಲ" ಅಂತ ಒಬ್ಬ ಕೂಗಿದ. ಅಷ್ಟರಲ್ಲಿ ಗೋಂದು ಹಣೆಗೆ ಅಂಟಿಯಾಗಿತ್ತು. ಎರಡು ದಿನ ಉಜ್ಜಿದರೂ ಹೋಗಲಿಲ್ಲ.

ಕೂಗಿದವನೇ ನನ್ನ ಎದುರಾಳಿ. ಮಾಲೂರಿನಲ್ಲಿ ಜಿಮ್ ಕೋಚು. ಚೆಲುವ, ಒಳ್ಳೆಯವನು, ಕುಸ್ತಿಯ ಗಂಧಗಾಳಿ ಇಲ್ಲದವನು. ಯಾರು ಗೆಲ್ಲಬೇಕು, ಎಷ್ಟನೇ ನಿಮಿಷಕ್ಕೆ ಯಾರು ಬೀಳಬೇಕು ಎನ್ನುವುದನ್ನೆಲ್ಲ ಯಜಮಾನ ಒಂದು ಬೋರ್ಡಿನ ಮೇಲೆ ಬರೆದಿಟ್ಟಿದ್ದ. ನನಗೊಂದು ಹೊಸ ಹೆಸರನ್ನೂ ಇಟ್ಟ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿ ಈಗಲೂ ಅದನ್ನು ನೆನೆಸಿಕೊಂಡು ಸೆರಗು ಬಾಯಿಗೆ ಅಡ್ಡ ಇಡುತ್ತಾಳೆ.

ಕೋಲಾರದ ಶೋನಲ್ಲಿ ಬೋರ್ಡಿನ ಪ್ರಕಾರ ನಾನು ಹನ್ನೆರಡು ನಿಮಿಷ ಏಟು ತಿಂದು ಕೊನೆಗೆ ಗೆಲ್ಲಬೇಕಿತ್ತು. ಗಂಟೆ ಹೊಡೆಯಿತು. ಕೋಚು ಎದೆ ಉಬ್ಬಿಸಿಕೊಂಡು ಬಂದು ಎಡಗಾಲನ್ನು ನನ್ನ ಮುಂದೆಯೇ ಇಟ್ಟ. ಕಾಲು ತಂದು ಕೈಗೆ ಕೊಟ್ಟವನನ್ನು ಬಿಡುವುದು ಹೇಗೆ? ಎಳೆದೆ, ಎತ್ತಿ ಹಾಕಿದೆ, ಮೇಲೆ ಕೂತೆ. ಒಂದು ನಿಮಿಷವೂ ಆಗಿರಲಿಲ್ಲ. ಜನ ಇನ್ನೂ ಕುರ್ಚಿ ಹುಡುಕುತ್ತಿದ್ದರು.

"ಜನ ಕಡ್ಲೆಕಾಯಿ ಸುಲಿಯೋಕೂ ಟೈಮ್ ಕೊಡ್ಲಿಲ್ವಲ್ಲಯ್ಯಾ" ಅಂತ ಯಜಮಾನ ತಲೆ ಮೇಲೆ ಕೈ ಹೊತ್ತುಕೊಂಡ. ಗೆದ್ದದ್ದಕ್ಕೆ ಬೈಸಿಕೊಂಡದ್ದು ನನಗೆ ಅದೇ ಮೊದಲು.

ಮಾಲೂರಿನಲ್ಲಿ ನಾನು ಸೋಲಬೇಕು. ಅದು ಕೋಚಿನ ಊರು, ಅವನ ಜನರ ಮುಂದೆ ಅವನು ಗೆಲ್ಲಲಿ, ನ್ಯಾಯವಾದ ಮಾತು. ನಾನು ಮನಸಾರೆ ಒಪ್ಪಿದ್ದೆ. ಒಪ್ಪದೇ ಹೋದದ್ದು ನನ್ನ ಬೆನ್ನು. ನಮ್ಮ ಮಟ್ಟಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದ ಕ್ಷಣಕ್ಕೆ ಕುಸ್ತಿ ಮುಗಿಯಿತು, ಎಣಿಸುವ ಮಾತೇ ಇಲ್ಲ. ಇಲ್ಲಾದರೋ ರೆಫರಿ ನೆಲ ಬಡಿದು ಮೂರು ಎಣಿಸುವವರೆಗೆ ಬಿದ್ದಿರಬೇಕು. ಕೋಚು ನನ್ನನ್ನು ಕೆಡವಿದ, ಅಂದರೆ ನಾನೇ ಬಿದ್ದುಕೊಟ್ಟೆ. ಒಂದು ಭುಜಕ್ಕೆ ಟಾರ್ಪಾಲು ತಗುಲಿದ್ದೇ ತಡ, ಕತ್ತು ಭಾರ ತಗೊಂಡಿತು, ಸೊಂಟ ಎದ್ದಿತು, ಮಗ್ಗುಲಿಗೆ ಹೊರಳಿಬಿಟ್ಟೆ. ಇನ್ನೊಮ್ಮೆ ಬಿದ್ದೆ, ಇನ್ನೊಮ್ಮೆ ಹೊರಳಿದೆ.

ಮೂರನೇ ಸಲ ಕೋಚು ನನ್ನ ಎದೆಯ ಮೇಲೆ ಮಲಗಿ ಕಿವಿಯಲ್ಲಿ ಅಂದ: "ಅಣ್ಣ, ದಮ್ಮಯ್ಯ ಅಂತೀನಿ, ಮಲ್ಕೊಳ್ಳಣ್ಣ."

"ನಾನೆಲ್ಲಿ ಏಳ್ತಿದೀನೋ, ಬೆನ್ನೇ ಏಳ್ತಾ ಇದೆ" ಅಂದೆ. ಹಾಗನ್ನುತ್ತಲೇ ಎದ್ದೆ. ಮಾಲೂರಿನ ಜನ ತಮ್ಮೂರ ಹುಡುಗನನ್ನು ಬಿಟ್ಟು ನನಗೆ ಶಿಳ್ಳೆ ಹೊಡೆಯತೊಡಗಿದರು. ಕೊನೆಗೆ ನನ್ನ ಒಂದು ಭುಜ ಮೇಲಿದ್ದಂತೆಯೇ ರೆಫರಿ ಒಂದೇ ಉಸಿರಿಗೆ ಒಂದೆರಡುಮೂರು ಅಂತ ಬಡಬಡಿಸಿ ಮುಗಿಸಿದ.

ಯಜಮಾನ ಆವತ್ತು ಬೈಯಲಿಲ್ಲ. ಭಯವಾದದ್ದು ಅದಕ್ಕೇ. "ನೋಡು ಪೈಲ್ವಾನ್, ನಮ್ಮ ಕಂಪನಿಗೆ ಹೀರೋ ಆ ಹುಡುಗ. ಮುಳಬಾಗಿಲಲ್ಲೂ ಅವನೇ ಗೆಲ್ಬೇಕು. ಮೂರು ಎಣಿಸೋವರ್ಗೂ ಬಿದ್ದಿದ್ರೆ ಅಗ್ರಿಮೆಂಟ್ ನಿಂದು. ಇಲ್ಲಾಂದ್ರೆ ಮತ್ತೆ ಗೇಟ್ ತೆಗಿ, ಹೋಗು."

ಮುಳಬಾಗಿಲು ನನ್ನ ಊರು. ನನ್ನ ಮುಖ ಹಾಕಿದ ಪೋಸ್ಟರು ಬಜಾರಿನಲ್ಲಿ, ಉಸ್ತಾದರು ಬೀಗ ರಿಪೇರಿಗೆ ಕೂರುವ ಜಾಗದ ಎದುರಿಗೇ ಅಂಟಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಗಡಿಯ ಆಚೆ ತೆಲುಗು ಸೀಮೆಯವಳು, ಸುತ್ತಿ ಬಳಸಿ ಮಾತಾಡುವುದಿಲ್ಲ. "ಮೂರು ಎಣಿಸೋವರ್ಗೂ ಮಲಗೋಕಾಗಲ್ವಾ? ಭಾನುವಾರ ಬಂದ್ರೆ ಹತ್ತು ಗಂಟೆವರ್ಗೂ ಏಳಲ್ಲ ನೀವು" ಅಂದಳು. ಅವಳೇ ಅಂಗಳದಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸಿದಳು. ನಮ್ಮ ಪಕ್ಕದ ಮನೆಯವರೆಲ್ಲ ನೋಡುತ್ತಿದ್ದಂತೆ ಪಕ್ಕದಲ್ಲಿ ಕೂತು ನೆಲ ಬಡಿದು "ಒಕಟಿ, ರೆಂಡು, ಮೂಡು" ಅಂತ ಎಣಿಸುವಳು. ಮೊದಲ ದಿನ ರೆಂಡಿಗೆ ಏಳುತ್ತಿದ್ದೆ. ಕೈಗೆ ಸಿಕ್ಕ ಪೊರಕೆಯಿಂದ ಮೊಣಕಾಲಿಗೆ ಒಂದು ಬಿಡುವಳು. ಒಂದು ವಾರದಲ್ಲಿ ಬೆನ್ನು ಪಳಗಿತು. ಹದಿನಾರು ವರ್ಷದ ವಿದ್ಯೆ ಮರೆಯಲು ಒಂದು ವಾರ ಮತ್ತು ಒಂದು ಪೊರಕೆ ಸಾಕು ಅಂತ ಗೊತ್ತಾದದ್ದು ಆಗಲೇ.

ಶೋಗೆ ಎರಡು ದಿನ ಇರುವಾಗ ಉಸ್ತಾದರ ಬಳಿ ಹೋದೆ. ಬೋರ್ಡಿನ ವಿಷಯ ಹೇಳಿಬಿಡಬೇಕು, ಬರಬೇಡಿ ಅನ್ನಬೇಕು ಅಂತಲೇ ಹೋದದ್ದು. ಅವರು ಒಂದು ಹಳೇ ಬೀಗದ ಕೀಲಿಯನ್ನು ಅರದಿಂದ ಉಜ್ಜುತ್ತಿದ್ದರು. ತಲೆ ಎತ್ತದೆ, "ಪೋಸ್ಟರ್ ನೋಡ್ದೆ ಕಣೋ. ಬರ್ತೀನಿ" ಅಂದರು.

"ಆಯ್ತು ಉಸ್ತಾದ್" ಅಂದು ಎದ್ದು ಬಂದೆ. ಬೋರ್ಡಿನ ಮಾತು ಎತ್ತದೇ ಬಂದದ್ದು ನನ್ನ ಹೇಡಿತನ, ಬೇರೆ ಯಾರದೂ ಅಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಶೋ. ಉಸ್ತಾದರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಈ ಸಲ ನಾನು ಬೋರ್ಡಿನಲ್ಲಿ ಬರೆದದ್ದನ್ನು ಅಕ್ಷರ ತಪ್ಪದೆ ಮಾಡಿದೆ. ಹನ್ನೆರಡು ನಿಮಿಷ ಕೋಚಿನ ಜೊತೆ ಗುದ್ದಾಡಿದೆ, ತಗಲದ ಏಟಿಗೆ ತತ್ತರಿಸಿದೆ, ಬಿದ್ದೆ. ರೆಫರಿ ಒಂದು ಅಂದ. ಸೊಂಟ ಏಳಲು ನೋಡಿತು. ಒಳಗೇ ಪೊರಕೆಯನ್ನು ನೆನೆಸಿಕೊಂಡೆ. ಎರಡು. ಮೂರು.

ಹಿಂದಿನಿಂದ ಯಾರೋ, "ಏನ್ಲಾ ಪೈಲ್ವಾನ್, ನಿದ್ದೆ ಹತ್ತಿತಾ?" ಅಂದರು. ನಗು ಎದ್ದಿತು, ಆಮೇಲೆ ಚಪ್ಪಾಳೆ. ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ಮೊದಲ ಸಾಲು ನೋಡಿದೆ. ಉಸ್ತಾದರೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಗೆದ್ದ ಒಂದು ಕುಸ್ತಿಗೂ ಅವರು ಚಪ್ಪಾಳೆ ತಟ್ಟಿದವರಲ್ಲ.

ಯಜಮಾನ ತಬ್ಬಿಕೊಂಡು, "ಈಗ ನೀನು ಕಲಾವಿದ ಆದೆ" ಅಂದ. ಅಗ್ರಿಮೆಂಟು ಶ್ರೀನಿವಾಸಪುರದ ಶೋ ದಿನ ಅಂದ. ಆ ಶೋ ನಡೆಯಲೇ ಇಲ್ಲ. ಮದುವೆ ಸೀಸನ್ನು ಶುರುವಾಗಿ ಅವನು ಶಾಮಿಯಾನಕ್ಕೆ ವಾಪಸು ಹೋದ. ಹಗ್ಗ ಬಿಚ್ಚಿ, ಆ ರಿಂಗನ್ನೇ ಯಲ್ದೂರಿನ ಕಡೆ ಒಂದು ಆರ್ಕೆಸ್ಟ್ರಾಕ್ಕೆ ಸ್ಟೇಜು ಮಾಡಿದನಂತೆ. ನಾನು ವೇಮಗಲ್‌ನ ಗೇಟಿಗೆ ವಾಪಸು ಹೋದೆ.

ಆದರೆ ಅದೆಲ್ಲ ಆಮೇಲಿನದು. ಶೋದ ಮರುದಿನ ಬೆಳಿಗ್ಗೆ ನನಗೆ ಅಗ್ರಿಮೆಂಟಿನ ಯೋಚನೆಯೇ ಇರಲಿಲ್ಲ. ಎದ್ದವನೇ ಗರಡಿಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡು, ಮಟ್ಟಿಗೆ ಇಳಿದು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೆ. ಎಷ್ಟು ಹಗುರವಾಯಿತು ಅಂದರೆ, ಅಳು ಬಂತು. ಒಂದು ಬೆಳಿಗ್ಗೆ ಬೆನ್ನು ಮುರಿಯುವಂತೆ ಅಗೆದರೆ ನಿನ್ನೆಯದು ಮಣ್ಣಾಗುತ್ತದೆ, ಇನ್ನು ಯಾರೂ ಎತ್ತುವುದಿಲ್ಲ.

ಮೂರು ಏಟು ಹಾಕಿದ್ದೆ. ಉಸ್ತಾದರು ಬಂದು ಅಂಚಿನಲ್ಲಿ ನಿಂತರು.

"ಯಾಕೋ ಅಗೀತಿದ್ದೀಯಾ?"

"ನಿನ್ನೆ ಚಿತ್ ಆದ್ನಲ್ಲ ಉಸ್ತಾದ್. ನೀವೇ ನೋಡಿದ್ರಲ್ಲ."

"ನೋಡ್ದೆ. ಚೆನ್ನಾಗಿತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಕೈ ಚಾಚಿ ಗುದ್ದಲಿ ಈಸಿಕೊಂಡರು. "ಇದು ಕುಸ್ತಿ ಮಾಡಿ ಸೋತೋರು ಅಗಿಯೋದು ಬೇಟಾ. ನೀನು ಎಲ್ಲಿ ಸೋತೆ?"

ಅವರು ಬಾಗಿಲಿನ ಕಡೆ ತಿರುಗಿ, ಎದುರಿನ ಹೋಟೆಲಿಗೆ ಟೀ ಹೇಳಿ, ಹೆಗಲ ಮೇಲಿನ ಟವೆಲಿನಿಂದ ಪ್ಲಾಸ್ಟಿಕ್ ಕುರ್ಚಿ ಒರೆಸಿದರು.

"ಬಾ, ಕೂತ್ಕೋ" ಅಂದರು.

ಕೂತೆ. ಉಸ್ತಾದರು ಮಟ್ಟಿಗೆ ಇಳಿದು, ನಾನು ಎಬ್ಬಿಸಿದ್ದ ಮಣ್ಣನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ಮೂರೂ ಗುಂಡಿ ಮುಚ್ಚಿದರು. ಅಷ್ಟರಲ್ಲಿ ಟೀ ಬಂತು.