ಮುಟ್ಟದೆ ಬಿಟ್ಟ ಎಲೆ-ಅಡಿಕೆ

ನಾನು ವಕೀಲೆಯಾಗಿ ಕರಿಕೋಟು ಹಾಕಿದ್ದು ತೊಂಬತ್ತರ ದಶಕದ ಮೊದಲಲ್ಲಿ, ಶಿಕಾರಿಪುರದಲ್ಲಿ. ನನ್ನ ಸೀನಿಯರ್ ಸೊರಬದ ಕಡೆಯವರು. ವಕೀಲಿಕೆ ಅವರ ಹೊಟ್ಟೆಪಾಡು, ವಿಧಾನಸಭೆ ಅವರ ಹುಚ್ಚು. ಒಮ್ಮೆ ನಿಂತು ಸೋತಿದ್ದರು, ಇನ್ನೊಮ್ಮೆ ನಿಲ್ಲುವ ತಯಾರಿಯಲ್ಲಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಕೈಮುಗಿಯುವುದನ್ನು ನೋಡಿ, "ಆ ಕಂಬಕ್ಕೂ ಮುಗೀರಿ ಸಾರ್, ಓಟಿದ್ರೂ ಇರಬಹುದು" ಎಂದು ಛೇಡಿಸಿದ್ದೆ.

ಆಗಲೇ ಸೊರಬದ ಹಳ್ಳಿಯೊಂದರಿಂದ ವಿಧವೆಯೊಬ್ಬಳು ಬಂದಳು. ಗಂಡ ತೀರಿಕೊಂಡ ಮೇಲೆ ಭಾವ ಅವಳ ಪಾಲಿನ ಗದ್ದೆ ಕೊಡದೆ, ತವರಿಗೆ ಹೋಗು ಎಂದಿದ್ದ. ಅವಳು ಎಲೆ-ಅಡಿಕೆ ಮುಂದಿಟ್ಟಳು, ಸೀನಿಯರ್ ತೆಗೆದುಕೊಂಡರು. ನಮ್ಮ ಕಡೆ ಎಲೆ-ಅಡಿಕೆ ಹಿಡಿದರೆ ಮಾತು ಕೊಟ್ಟಂತೆ. ವಕಾಲತ್ತಿಗೆ ಸಹಿ ಬೀಳುವುದು ಆಮೇಲೆ.

ವಾರದೊಳಗೆ ಆ ಭಾವನೇ ಊರ ಹಿರಿಯರನ್ನು ಕಟ್ಟಿಕೊಂಡು ಬಂದ. ಅವನ ಕೈಯಲ್ಲೂ ಎಲೆ-ಅಡಿಕೆಯ ತಟ್ಟೆ.

"ಆ ಹೆಂಗಸಿನ ಕೇಸು ಬಿಟ್ಬಿಡಿ ಸಾಹೇಬ್ರೇ. ನಮ್ಮೂರು, ಸುತ್ತಿನ ಊರು, ಓಟೆಲ್ಲ ನಿಮ್ದೇ. ತಗಳಿ."

ಹಿರಿಯರ ಎದುರಿಗೆ ಹಿಡಿದ ಎಲೆ-ಅಡಿಕೆಯನ್ನು ಯಾರೂ ಬೇಡವೆನ್ನುವುದಿಲ್ಲ, ಬೇಡವೆಂದರೆ ಊರಿಗೇ ಅವಮಾನ. ಆ ಧೈರ್ಯದ ಮೇಲೇ ಅವನು ಬಂದಿದ್ದ. ಕಂಬಕ್ಕೂ ಕೈಮುಗಿಯುವ ಮನುಷ್ಯ, ತೆಗೆದುಕೊಂಡೇಬಿಡುತ್ತಾರೆ ಎಂದೇ ನಾನು ಅಂದುಕೊಂಡೆ.

ಅವರು ತಟ್ಟೆ ಮುಟ್ಟಲಿಲ್ಲ. "ಆಯಮ್ಮಂದು ಮೊದ್ಲೇ ತಗಂಡಾಯ್ತು ಕಣ್ರೀ. ಕಾಫಿ ಕುಡಿದು ಹೋಗಿ" ಎಂದರು. ಬಂದವರು ಕಾಫಿ ಕುಡಿಯಲಿಲ್ಲ.

ಸೀನಿಯರ್ ಆ ಚುನಾವಣೆಯಲ್ಲಿ ಸೋತರು. ಆ ಊರುಗಳು ತಿರುಗಿಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಮರುವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬದ ಕೋರ್ಟಿಗೆ ಹೋಗುವಾಗ ದಾರಿಯುದ್ದಕ್ಕೂ ಅವರು ಮಾತಾಡಿದ್ದು ಆ ವಿಧವೆಯ ಸಾಕ್ಷಿಯ ಬಗ್ಗೆ ಮಾತ್ರ. ನಾನು ಬೆರಗಾಗಿ ಅವರ ಮುಖವನ್ನೇ ನೋಡುತ್ತ ಕೂತಿದ್ದೆ. ಇಂಥವರೂ ಇರುತ್ತಾರೆಯೇ ಎನ್ನಿಸಿತು. ಕೊನೆಗೆ ಗದ್ದೆ ಅವಳದಾಯಿತು. ಸೀನಿಯರ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅದೇ ಭಾವ ತಟ್ಟೆ ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಹಿಂದೆ ಅವನ ಮಗಳು. ಅವಳ ಗಂಡ ಸತ್ತಿದ್ದ, ಅತ್ತೆಮನೆಯವರು ಪಾಲು ಕೊಡದೆ ಹೊರಗೆ ಹಾಕಿದ್ದರು.

"ಸೊರಬದಲ್ಲಿ ಬೇರೆ ವಕೀಲರಿಲ್ವೇನ್ರೀ?" ನಾನು ಸಿಟ್ಟಿನಿಂದಲೇ ಕೇಳಿದೆ.

"ಇದಾರಮ್ಮ. ಆದ್ರೆ ಇವ್ರು ಒಂದ್ಸಲ ತಗಂಡ್ರೆ ಬಿಡಲ್ಲ. ನಾನೇ ಕಂಡಿದೀನಲ್ಲ."

ಅವನು ತಟ್ಟೆ ಮುಂದೆ ಚಾಚಿದ. ಸೀನಿಯರ್ ಎದ್ದು ಬಂದು, ಅವನನ್ನು ದಾಟಿ, ಮಗಳ ಮುಂದೆ ನಿಂತರು.

"ತಟ್ಟೆ ನಿನ್ನ ಕೈಗೆ ತಗ ತಂಗಿ. ಕೇಸು ನಿಂದು, ನೀನೇ ಕೊಡಬೇಕು."

ಅವಳು ಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.