ಎಲ್ಲರ ದನಿಗೂ ಒಂದು ನೂಲು

ಬೆಳಕು ಕಿಟಕಿಯ ಸರಳು ಹಿಡಿದು ಒಳಗೆ ಬರಲೋ ಬೇಡವೋ ಎಂದು ಇಣುಕುತ್ತಿರುವ ಹೊತ್ತು. ಸಭಾಂಗಣದ ಕುರ್ಚಿಗಳೆಲ್ಲ ಖಾಲಿ. ಭಾಷಣ ಮಾತ್ರ ಜೋರಾಗಿ ನಡೆದಿದೆ.

"ಮಾನ್ಯರೇ! ಗಾಡಿ ಬಾರದ ಬೀದಿ ಒಂದು ಬೀದಿಯೇ? ಗಿರಾಕಿ ಏನು ಕಬ್ಬಿಣದ ಸಲಾಕೆನ ಹೆಗಲ ಮೇಲೆ ಹೊತ್ಕೊಂಡು ಬಸ್ಸು ಹತ್ತಬೇಕಾ?" ವರ್ತಕರ ಸಂಘದ ಅಧ್ಯಕ್ಷರು ಗುಡುಗುತ್ತಾರೆ. ಗುಡುಗಿನ ಬೆನ್ನಿಗೇ ಒಣ ಎಲೆ ನೆಲಕ್ಕೆ ಉಜ್ಜಿದಂಥ ಪಿಸುದನಿ: "ನಡೆಯೋಕೆ ಜಾಗ ಕೊಡಿ ಅಂತಷ್ಟೇ ಕೇಳ್ತಿರೋದು." ಅದು ಆರುವ ಮುಂಚೆಯೇ, ಅರ್ಧ ಅಕ್ಷರ ನುಂಗಿ ಅರ್ಧ ಉಗುಳುವ ಎಂಜಿನಿಯರರ ಅವಸರ: "ನಕ್ಷೇಲಿ ತೋರ್ಸಿರೋ ಹಾಗೆ ಎಡಕ್ಕೆ ಮರ ಬಲಕ್ಕೆ ಬೆಂಚು ನಡುವೆ ಜನ, ಪ್ರಶ್ನೆ ಇದ್ರೆ ಕೊನೇಲಿ!"

ಈ ಮೂವರೂ ಇನ್ನೂ ತಂತಮ್ಮ ಮನೆಗಳಲ್ಲಿ ಮುಸುಕೆಳೆದು ಮಲಗಿದ್ದಾರೆ. ವೇದಿಕೆಯ ಮೇಲಿರುವುದು ಒಂದೇ ಗಂಟಲು. ಅದರ ಒಡೆಯರು ಮೈಕಣ್ಣ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಆದರೆ ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಸಭೆ, ಸಮಾರಂಭ, ಹರಾಜು, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ನಾಲ್ಕು ಜನ ಸೇರಿ ಐದನೆಯವನ ಮಾತು ಕೇಳಬೇಕೋ ಅಲ್ಲಿಗೆ ಮೈಕು, ವೈರು, ಆಳೆತ್ತರದ ಬಾಕ್ಸುಗಳ ಸಮೇತ ಹಾಜರು. ದನಿ ಏರಿಸಿ ಇಳಿಸುವ ಗುಂಡಿಗಳ ಮಿಕ್ಸರಿನ ಮುಂದೆ ಒಂದು ಮೋಟು ಸ್ಟೂಲು ಹಾಕಿ ಕೂತರೆ ಸಭೆ ಮುಗಿಯುವವರೆಗೆ ಏಳುವುದಿಲ್ಲ. ಈ ಮಿಕ್ಸರು ಅಡುಗೆಮನೆಯದಲ್ಲ. ಆದರೆ ಇಲ್ಲೂ ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವುದೇ ಮುಖ್ಯ ಕೆಲಸ.

ಕೊನೆಯ ಸಾಲಿನ ಕುರ್ಚಿಯಲ್ಲಿ ಅವರ ಹೆಂಡತಿ ಮಡಿಲಲ್ಲಿ ನೂಲಿನ ಉಂಡೆಗಳನ್ನಿಟ್ಟುಕೊಂಡು ಕೂತಿದ್ದಾರೆ. ಗಂಡ ಒಂದೊಂದು ದನಿ ತೆಗೆದಾಗಲೂ ಆಕೆಯ ಹೆಬ್ಬೆರಳು ಮೇಲೆ, ಕೆಳಗೆ, ಮತ್ತೆ ಮೇಲೆ. ಹೆಬ್ಬೆರಳು ನಿಂತ ಕಡೆ ಗುಂಡಿಯೂ ನಿಲ್ಲುತ್ತದೆ. ಆ ಜಾಗಕ್ಕೆ ಮೈಕಣ್ಣ ಒಂದು ಚೂರು ಬಣ್ಣದ ನೂಲು ಅಂಟಿಸುತ್ತಾರೆ. ಅಧ್ಯಕ್ಷರಿಗೆ ಕೆಂಪು, ಅದು ತಳದಲ್ಲಿ. ಎಂಜಿನಿಯರಿಗೆ ಹಸಿರು, ನಡುಮಧ್ಯದಲ್ಲಿ. ಪಿಸುದನಿಗೆ ನೀಲಿ, ಅದು ಎಷ್ಟು ಮೇಲಿದೆಯೆಂದರೆ ಇನ್ನೊಂದು ಕೂದಲೆಳೆ ಏರಿಸಿದರೆ ಬಾಕ್ಸು ಕುಂಯ್ಯೋ ಎಂದು ಊಳಿಡುತ್ತದೆ.

"ಎಲ್ರೂ ಹಲೋ ಹಲೋ ಅಂತ ನೋಡ್ತಾರೆ. ನನ್ನ ಗಂಟಲಿಗೆ ಸರಿಹೋದ್ರೆ ಏನು ಬಂತು? ಮಾತಾಡೋನು ನಾನಲ್ವಲ್ಲ. ಬಟ್ಟೆ ಹೊಲಿಯೋರು ತಮ್ಮ ಅಳತೆ ತಗೊಂಡು ಊರಿಗೆಲ್ಲ ಅಂಗಿ ಹೊಲೀತಾರಾ?" ಎನ್ನುತ್ತಾರೆ ಮೈಕಣ್ಣ.

"ಆ ಮಾತು ನಂದು," ಕೊನೆಯ ಸಾಲಿನಿಂದ ಹೆಂಡತಿಯ ದನಿ ಬರುತ್ತದೆ, ಮೈಕಿಲ್ಲದೆಯೇ ಸ್ಪಷ್ಟವಾಗಿ. "ಕದ್ದಿದ್ದಾರೆ."

ಈ ಕಳ್ಳತನ ಹಳೆಯದು. ಶಾಲೆಯಲ್ಲಿದ್ದಾಗ ಮೇಷ್ಟ್ರ ದನಿ ಕದ್ದು, ಕಿಟಕಿಯ ಹೊರಗೆ ನಿಂತು, "ಎಲ್ಲರೂ ಮನೆಗೆ ಹೊರಡಿ" ಎಂದರಂತೆ. "ತರಗತಿ ಖಾಲಿ ಆಯ್ತು, ನನ್ನ ಬೆನ್ನು ಭರ್ತಿ ಆಯ್ತು." ಆಮೇಲೆ ಕದ್ದದ್ದು ಪೋಸ್ಟಮ್ಮನ ದನಿ. ಮುಖ್ಯರಸ್ತೆಯ ಉದ್ದಕ್ಕೂ ಹೆಗಲಿಗೆ ಚೀಲ ಹಾಕಿಕೊಂಡು ಕಾಗದ ಹಂಚುತ್ತಿದ್ದ ಹೆಂಗಸು ಆಕೆ. "ಪೋಸ್ಟ್!" ಎಂದು ಒಮ್ಮೆ ಕೂಗಿದರೆ ಸಾಕು, ಮಹಡಿಯ ಕಿಟಕಿಗಳು ಪಟಪಟನೆ ತೆರೆದುಕೊಳ್ಳುತ್ತಿದ್ದವು. ಹುಡುಗ ಅದೇ ಕೂಗನ್ನು ಸಂದಿಯಲ್ಲಿ ಅಡಗಿ ಕೂಗುತ್ತಿದ್ದ. ಜನ ಕೆಳಗಿಳಿದು ಬಂದು, ಕಾಗದವೂ ಇಲ್ಲದೆ ಕಾಗದದಮ್ಮನೂ ಇಲ್ಲದೆ ಬೆಪ್ಪಾಗುತ್ತಿದ್ದರು. ಒಂದು ದಿನ ಪೋಸ್ಟಮ್ಮ ಕಿವಿ ಹಿಡಿದೇಬಿಟ್ಟರು. ಹಿಂಡಲಿಲ್ಲ. "ನನಗಿಂತ ಚೆನ್ನಾಗಿ ಕೂಗ್ತೀಯಲ್ಲೋ ಕಳ್ಳಾ" ಎಂದರು. ಹೊಗಳಿಕೆ ಎಂದು ಮೈಕಣ್ಣನಿಗೆ ಸಿಕ್ಕಿದ್ದರಲ್ಲಿ ಅದೇ ಮೊದಲಿನದು, ಬಹುಶಃ ದೊಡ್ಡದು.

ಆ ದನಿ ಈಗ ಇಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಪೋಸ್ಟಮ್ಮನಿಗೆ ಉಳಿದದ್ದು ಆ ಒಣ ಎಲೆಯ ಸದ್ದು ಮಾತ್ರ. ಮುಖ್ಯರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡಿ ಎಂದು ಕೇಳುವವರ ಮುಂದಾಳು ಆಕೆಯೇ. ಫುಟ್‌ಪಾತಿನ ಮೇಲೆ ಬೈಕು, ಬೈಕಿನ ಪಕ್ಕ ಕಾರು, ಕಾರಿನ ಪಕ್ಕ ಲಾರಿ. ನಡೆಯುವವರು ಏಡಿಯ ಹಾಗೆ ಅಡ್ಡಡ್ಡ ಸಾಗಬೇಕಾದ ರಸ್ತೆ ಅದು. ಎಂಜಿನಿಯರರ ಹೊಸ ನಕ್ಷೆಯ ಪ್ರಕಾರ ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಗಾಡಿಗಳಿಲ್ಲ. ಸರಕು ಇಳಿಸುವವರು ಅಂಗಡಿ ತೆರೆಯುವ ಮುಂಚೆ ಬಂದು ಹೋಗಬೇಕು.

ಇಲ್ಲೇ ಮೈಕಣ್ಣನ ಕಾಲಿಗೆ ಮುಳ್ಳು. ಅವರ ಅಂಗಡಿ ಇರುವುದು ಅದೇ ರಸ್ತೆಯ ನಟ್ಟನಡುವೆ. ಮುಂಭಾಗದಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಹಿಂಭಾಗದಲ್ಲಿ ಬಾಕ್ಸುಗಳು. ಒಬ್ಬರು ಸೀನಿದರೆ ಇನ್ನೊಬ್ಬರು ಬಾಗಬೇಕು, ಅಷ್ಟು ಇಕ್ಕಟ್ಟು. ಸಮಾರಂಭಗಳು ಮುಗಿಯುವುದು ಸಂಜೆ. ಬಾಕ್ಸು ಹೊತ್ತ ಬಾಡಿಗೆ ಟೆಂಪೊ ವಾಪಸು ಬರುವುದೂ ಸಂಜೆಯೇ, ರಸ್ತೆ ಮುಚ್ಚಿರುವಾಗಲೇ. ಟೆಂಪೊ ಬಾಗಿಲಿಗೆ ಬರದಿದ್ದರೆ ರಸ್ತೆಯ ತುದಿಯಿಂದ ಬಾಕ್ಸು ಹೊರಬೇಕು. ಹೊರುವ ಬೆನ್ನು ಸರಿಯಿಲ್ಲ. ಕೆಲವು ವರ್ಷದ ಹಿಂದೆ ವೇದಿಕೆಯಿಂದ ಉರುಳಿದ ಬಾಕ್ಸು ಅವರ ಸೊಂಟದ ಮೇಲೇ ಬಿದ್ದಿತ್ತು. "ಬಾಕ್ಸಿಗೇನೂ ಆಗ್ಲಿಲ್ಲ, ಪುಣ್ಯ" ಎನ್ನುತ್ತಾರೆ. ಅಂಗಡಿ ಬೇರೆಡೆಗೆ ಒಯ್ದರೆ ಹೊಲಿಗೆಯ ಗಿರಾಕಿಗಳು ತಪ್ಪುತ್ತಾರೆ, ಇಲ್ಲೇ ಇದ್ದರೆ ಸೊಂಟ ತಪ್ಪುತ್ತದೆ.

ಹಾಗಾಗಿ ಮೈಕಣ್ಣ ಈ ನಕ್ಷೆಗೆ ವಿರೋಧಿ. ಆದರೆ ನಕ್ಷೆಯ ಸುತ್ತ ನಡೆದ ಪ್ರತಿ ಸಭೆಗೂ ಮೈಕು ಅವರದೇ. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಮೈಕು ಬಲ್ಲವನಿಗೆ ಮಾತ್ರ ಜಗಳವೇ ಜೀವನ. ಕೂಗಾಡಿದವರು, ಕುರ್ಚಿ ಎತ್ತಿದವರು, ಮೈಕನ್ನೇ ಕಚ್ಚುವವರ ಹಾಗೆ ಮಾತಾಡಿದವರು, ಎಲ್ಲರನ್ನೂ ಅವರು ನೂಲಿನ ಗುರುತಿಗೆ ತಂದು ಕೂರಿಸಿದ್ದಾರೆ.

ಇಂದಿನದು ಕೈ ಎತ್ತಿ ತೀರ್ಮಾನ ಮಾಡುವ ಸಭೆ. ಜನ ಸೇರತೊಡಗಿದಾಗ ಅಧ್ಯಕ್ಷರು ಬರುತ್ತಾರೆ. ಕಬ್ಬಿಣದಂಗಡಿಯ ಒಡೆಯ, ಊರಿಗೆಲ್ಲ ಕಬ್ಬಿಣದಣ್ಣ. ಮಿಕ್ಸರಿನ ಬಳಿ ಬಗ್ಗಿ, ಗುಟ್ಟು ಹೇಳುವಂತೆ, ಆದರೆ ಮೂರು ಸಾಲಿಗೆ ಕೇಳುವಂತೆ ಹೇಳುತ್ತಾರೆ:

"ಏನಯ್ಯಾ, ಆ ನೀಲಿ ನೂಲು ಆಕಾಶದಲ್ಲಿ ಕೂತಿದೆ. ಒಂಚೂರು ಇಳಿಸು."

"ಇಳಿಸಿದ್ರೆ ಪೋಸ್ಟಮ್ಮ ಕೇಳಿಸಲ್ಲಣ್ಣ."

"ಅದಕ್ಕೇ ಹೇಳ್ತಿರೋದು ಮಾರಾಯಾ! ಯಾರಿಗೆ ಗೊತ್ತಾಗುತ್ತೆ? ಗಂಟಲು ಸರಿ ಇಲ್ಲ ಅಂದ್ಕೋತಾರೆ. ನನ್ನ ಅಂಗಡೀನೂ ಉಳಿಯುತ್ತೆ, ನಿನ್ನ ಅಂಗಡೀನೂ ಉಳಿಯುತ್ತೆ."

ಮೈಕಣ್ಣ ಅಂಟಿಸಿದ ನೂಲನ್ನು ಉಗುರಿನಿಂದ ಇನ್ನಷ್ಟು ಒತ್ತುತ್ತಾರೆ. "ನನಗೆ ಅಂಗಡಿ ಇದೆ ಅಣ್ಣ. ಮೈಕಿಗೆ ಅಂಗಡಿ ಇಲ್ಲ."

ಕಬ್ಬಿಣದಣ್ಣ ಹಣೆ ಚಚ್ಚಿಕೊಂಡು ಹೋಗುತ್ತಾರೆ. ಹೆಂಡತಿ ಹತ್ತಿರ ಬಂದು ಕಿವಿಯಲ್ಲಿ ಕೇಳುತ್ತಾರೆ, "ರೀ, ಇವತ್ತು ನೀವು ಯಾವ ಕಡೆ?" "ಕೈ ಎತ್ತೋವಾಗ ನಮ್ಮ ಕಡೆ. ಅಲ್ಲಿವರೆಗೂ ಕೊನೇ ಸಾಲಿನ ಕಡೆ."

ಕಬ್ಬಿಣದಣ್ಣ ಗುಡುಗುತ್ತಾರೆ; ಕೆಂಪು ನೂಲು ಆ ಗುಡುಗನ್ನು ಪಕ್ಕದ ಮನೆಯ ಮಾತಿನಷ್ಟಕ್ಕೆ ಇಳಿಸುತ್ತದೆ. ಬೈಗುಳದಂತೆ ಕೇಳುತ್ತಿದ್ದದ್ದು ಈಗ ಭಯದಂತೆ ಕೇಳುತ್ತದೆ, ಮತ್ತು ಮೊದಲ ಬಾರಿಗೆ ಎದುರು ಪಕ್ಷದವರೂ ತಲೆದೂಗುತ್ತಾರೆ. ನಂತರ ಪೋಸ್ಟಮ್ಮ ಏಳುತ್ತಾರೆ. ಮೈಕಣ್ಣ ಸ್ಟೂಲು ಬಿಟ್ಟು ಹೋಗಿ ಆಕೆಯ ಸ್ವೆಟರಿನ ಕೊರಳಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸುತ್ತಾರೆ. ವಾಪಸು ಬಂದು ಗುಂಡಿಯನ್ನು ನೀಲಿಗೆ ಏರಿಸುತ್ತಾರೆ. ಸಾಲದು. ಖಾಲಿ ಸಭಾಂಗಣದಲ್ಲಿ ಕೇಳಿದ್ದು ತುಂಬಿದ ಸಭಾಂಗಣದಲ್ಲಿ ಕೇಳುತ್ತಿಲ್ಲ. ಇನ್ನೂ ಏರಿಸಿದರೆ ಊಳು. ಕೊನೆಯ ಸಾಲಿನವರು ಆಗಲೇ ಆಕಳಿಸುತ್ತಿದ್ದಾರೆ. ಹೀಗೇ ಬಿಟ್ಟರೆ ಕೆಲಸ ಕೆಟ್ಟಿತು ಎನ್ನುವವರಿಲ್ಲ. ಬಿಟ್ಟರೆ ಅಂಗಡಿ ಉಳಿಯಿತು ಎನ್ನುವವರೇ ಹೆಚ್ಚು.

ಮೈಕಣ್ಣ ಎದ್ದು ಗೋಡೆಯ ಬಳಿ ಹೋಗಿ ಫ್ಯಾನುಗಳನ್ನೆಲ್ಲ ಆರಿಸಿಬಿಡುತ್ತಾರೆ. "ಏ, ಸೆಖೆ ಕಣಯ್ಯಾ!" ಎಂದು ಯಾರೋ ಅರಚುತ್ತಾರೆ. ಆ ಅರಚಾಟ ಮುಗಿದಾಗ ಎಲ್ಲರಿಗೂ ಅರಿವಾಗುತ್ತದೆ: ಇಷ್ಟು ಹೊತ್ತೂ ತಲೆಯ ಮೇಲೆ ಒಂದು ಗಿರಗಿರ ಸದ್ದಿತ್ತು, ಈಗಿಲ್ಲ. ಬಾಕ್ಸುಗಳ ಮುಖವನ್ನು ಮೈಕಿನಿಂದ ಒಂದಿಷ್ಟು ಆಚೆಗೆ ತಿರುಗಿಸಿ ಮೈಕಣ್ಣ ಗುಂಡಿಗೆ ಬೆರಳಿಡುತ್ತಾರೆ. ಗುಂಡಿ ನೀಲಿ ನೂಲನ್ನು ದಾಟುತ್ತದೆ. ಊಳಿಲ್ಲ. ಸಭಾಂಗಣದ ತುಂಬ ಒಬ್ಬ ಮುದುಕಿಯ ಉಸಿರು.

"ದನಿ ಇದ್ದಾಗ," ಎನ್ನುತ್ತಾರೆ ಪೋಸ್ಟಮ್ಮ, "ಗಾಡಿ ಮೈಮೇಲೆ ಬಂದ್ರೆ, ಏ ನಿಲ್ಸಪ್ಪಾ ಅಂತ ಕೂಗ್ತಿದ್ದೆ. ನಿಲ್ಸೋರು. ಈಗ ಕೂಗೋಕಾಗಲ್ಲ. ಮೊನ್ನೆ ಲಾರಿಯ ಕನ್ನಡಿ ಭುಜಕ್ಕೆ ತಾಗ್ತು. ಅವನಿಗೆ ಗೊತ್ತೇ ಆಗ್ಲಿಲ್ಲ, ಪಾಪ. ಕೂಗೋಕಾಗದೋರು ರಸ್ತೇಲಿ ಹೇಗಪ್ಪಾ ನಡೀಬೇಕು?"

ಆಕಳಿಕೆ ಬಾಯಲ್ಲೇ ನಿಲ್ಲುತ್ತದೆ. ಕಬ್ಬಿಣದಣ್ಣ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಮೈಕಣ್ಣನ ಬೆರಳು ಮಾತ್ರ ಅಲುಗುವುದಿಲ್ಲ. ಬೆವರು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳುವುದಿಲ್ಲ. ತಮ್ಮ ಸೊಂಟಕ್ಕೇ ಎರವಾಗುವ ಆ ಪಿಸುದನಿಯನ್ನು ಗಾಳಿಗೆ ಸಿಕ್ಕ ದೀಪದ ಹಾಗೆ ಕೊನೆಯ ಮಾತಿನವರೆಗೂ ಕಾಯುತ್ತಾರೆ.

ಕಡೆಗೆ ಎಂಜಿನಿಯರ್ ಕೇಳುತ್ತಾರೆ, "ಮೈಕಿನವರದ್ದೂ ಇದೇ ರಸ್ತೇಲಿ ಅಂಗಡಿ ಇದೆಯಲ್ಲ, ಅವ್ರೇನಂತಾರೆ?" ಮೈಕಣ್ಣನನ್ನು ಇಂಥ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ಗುಂಡಿಗಳನ್ನು ಹೆಂಡತಿಗೆ ಒಪ್ಪಿಸಿ ಮೈಕಿನ ಮುಂದೆ ನಿಲ್ಲುತ್ತಾರೆ. ಹೇಳಬೇಕಾದದ್ದು ಒಂದೇ: ಸಂಜೆ ಒಂದು ಗಂಟೆ ಹೊತ್ತು ಟೆಂಪೊ ಒಳಗೆ ಬಿಡಿ. ಆದರೆ ಮೈಕಿನ ಮುಂದೆ ತಮ್ಮ ದನಿಯಲ್ಲಿ ಮಾತಾಡಿ ಅಭ್ಯಾಸವೇ ಇಲ್ಲ. ಬಾಯಿ ತೆರೆದರೆ ಬೆಳಗಿನ ರೂಢಿ ಮುನ್ನುಗ್ಗುತ್ತದೆ: "ಮಾನ್ಯರೇ!" ಅಚ್ಚು ಕಬ್ಬಿಣದಣ್ಣ! ಸಭೆ ಬಿದ್ದು ಬಿದ್ದು ನಗುತ್ತದೆ. ಕಬ್ಬಿಣದಣ್ಣನೇ ಕುರ್ಚಿಯ ಕೈ ಬಡಿದು ನಗುತ್ತಾರೆ. ಮೈಕಣ್ಣನೂ ನಕ್ಕು ಮತ್ತೆ ಬಾಯಿ ತೆರೆಯುತ್ತಾರೆ. ಈಗ ಬಂದದ್ದು ಅವರದೇ ದನಿ ಇರಬೇಕು, ಯಾಕೆಂದರೆ ಯಾರಿಗೂ ಕೇಳಿಸಲಿಲ್ಲ. ಹೆಂಡತಿ ಗುಂಡಿಗಳ ಮೇಲೆ ಕೈಯಾಡಿಸುತ್ತಾ ಹುಡುಕುತ್ತಾರೆ: ಕೆಂಪು, ಹಸಿರು, ನೀಲಿ. ಗಂಡನಿಗೆಂದು ಯಾವ ನೂಲೂ ಇಲ್ಲ. ಅಷ್ಟರಲ್ಲಿ ಅವರು ಕೈ ಮುಗಿದು ಇಳಿದಾಗಿರುತ್ತದೆ.

ಕೈ ಎತ್ತಿದಾಗ ಮೈಕಣ್ಣ ತಮ್ಮ ಕಡೆಗೇ ಎತ್ತುತ್ತಾರೆ, ನೆಟ್ಟಗೆ. ಪೋಸ್ಟಮ್ಮನ ಕಡೆಯ ಕೈಗಳೇ ಹೆಚ್ಚು. ಗಾಡಿಯಿಲ್ಲದ ರಸ್ತೆಯ ಮೂರು ತಿಂಗಳ ಪ್ರಯೋಗ, ಆಮೇಲೆ ಮತ್ತೊಂದು ಸಭೆ ಎಂದು ತೀರ್ಮಾನವಾಗುತ್ತದೆ.

ಈಗ ರಸ್ತೆಯ ತುದಿಯಲ್ಲಿ ಟೆಂಪೊ ನಿಲ್ಲುತ್ತದೆ. ಅಲ್ಲಿಂದ ಅಂಗಡಿಯವರೆಗೆ ತಳ್ಳುಗಾಡಿ. ಗಾಡಿ ಕೊಟ್ಟವರು ಕಬ್ಬಿಣದಣ್ಣ: "ನನ್ನ ಅಣಕಿಸಿದ್ಯಲ್ಲ, ಅನುಭವಿಸು, ತಳ್ಳು!" ಶಿಕ್ಷೆಯ ಗಾಡಿಗೆ ರಬ್ಬರಿನ ಹೊಸ ಚಕ್ರ ಹಾಕಿಸಿ ಕೊಟ್ಟಿದ್ದಾರೆ. ಆದರೂ ಸೊಂಟ ತನ್ನ ವಿರೋಧ ದಾಖಲಿಸುತ್ತಲೇ ಇರುತ್ತದೆ. ಮೈಕಣ್ಣ ನಡುನಡುವೆ ನಿಲ್ಲುತ್ತಾರೆ. ಹೊಸ ಬೆಂಚಿದೆಯಲ್ಲ ಎಂದು ಹೆಂಡತಿ ಕಿಚಾಯಿಸಿದರೆ, "ವಿರೋಧಿಗಳು ಕೂರಬಾರದು ಕಣೇ" ಎನ್ನುತ್ತಾ ಕೂರುತ್ತಾರೆ.

ಪ್ರಯೋಗದ ಮೊದಲ ವಾರದ ಒಂದು ಸಂಜೆ ಹಾಗೆ ಕೂತಿದ್ದಾಗ ಯಾರೋ ಕರೆದಂತಾಗುತ್ತದೆ. "ಮೈಕಣ್ಣಾ." ಮಗ್ಗುಲಲ್ಲಿ ಯಾರೂ ಇಲ್ಲ. ರಸ್ತೆಯ ಆಚೆ ಬದಿಯಲ್ಲಿ, ಚೀಲವಿಲ್ಲದ ಹೆಗಲಿನ ಪೋಸ್ಟಮ್ಮ ನಿಂತಿದ್ದಾರೆ. ಅಷ್ಟು ದೂರದಿಂದ! ಹಾರನ್ನಿಲ್ಲ, ಎಂಜಿನ್ನಿಲ್ಲ, ಇರುವುದು ಜನರ ಚಪ್ಪಲಿಯ ಸದ್ದು ಮಾತ್ರ. ಮೈಕಣ್ಣ ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ಯಾವ ಗುಂಡಿಯೂ ಇಲ್ಲದೆ, ಯಾವ ಬಾಕ್ಸೂ ಇಲ್ಲದೆ ಒಣ ಎಲೆ ರಸ್ತೆ ದಾಟಿ ಬಂದಿದೆ.

"ನನ್ನ ಹಳೇ ದನಿ ಇನ್ನೂ ಇಟ್ಕೊಂಡಿದ್ದೀಯೇನೋ, ಕಳ್ಳಾ?" ಎನ್ನುತ್ತದೆ ಆ ಎಲೆ. "ಒಂದ್ಸಲ ಕೂಗು. ಕೇಳ್ಬೇಕು ನಾನು."

ಮೈಕಣ್ಣ ಬೆಂಚಿನಿಂದ ಏಳುತ್ತಾರೆ, ಸೊಂಟ ಹಿಡಿದುಕೊಂಡು. ಉಸಿರು ತುಂಬಿಕೊಳ್ಳುತ್ತಾರೆ.

"ಪೋಸ್ಟ್!"

ಮಹಡಿಯಲ್ಲಿ ಒಂದು ಕಿಟಕಿ ತೆರೆಯುತ್ತದೆ. ಅದರಾಚೆ ಇನ್ನೊಂದು. ಔಷಧಿ ಅಂಗಡಿಯ ಮೇಲಿನ ಮನೆಯಲ್ಲಿ, ಕಾಗದವೆಂಬುದು ಬಂದು ಯಾವ ಕಾಲವಾಯಿತೋ, ಒಬ್ಬ ಮುದುಕರು ಕನ್ನಡಕ ಏರಿಸಿಕೊಂಡು ಇಣುಕುತ್ತಾರೆ: "ಯಾರಿಗೆ ಬಂತೂ?"

ಪೋಸ್ಟಮ್ಮನ ಕಣ್ಣು ತುಂಬಿದೆ, ತುಟಿ ನಗುತ್ತಿದೆ. "ಕಾಗದ ಇಲ್ಲ, ನಾನೇ ಬಂದಿದ್ದೀನಿ ಅಂತ ಹೇಳೋ." ಮಹಡಿಗೆ ಅದು ಕೇಳಿಸದು. ಮೈಕಣ್ಣನಿಗೆ ಗೊತ್ತಿರುವುದು ಇದೊಂದೇ ಕೆಲಸ. ತಲೆಯೆತ್ತಿ ದಾಟಿಸುತ್ತಾರೆ: "ಕಾಗದ ಇಲ್ವಂತೆ! ಪೋಸ್ಟಮ್ಮ ಅವ್ರೇ ಬಂದಿದ್ದಾರಂತೆ!"

ಈ ಸಲ ಯಾರ ದನಿಯನ್ನೂ ಕದ್ದಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತ ಹೆಂಡತಿಗೆ ಅದು ತಕ್ಷಣ ಗೊತ್ತಾಗುತ್ತದೆ. ಒಳಗೆ ಹೋಗಿ ಹಳದಿ ಉಂಡೆಯಿಂದ ಒಂದು ಚೂರು ಕತ್ತರಿಸಿ ತಂದು ಗಂಡನ ಜೇಬಿಗೆ ತುರುಕುತ್ತಾರೆ. "ಇದೇ ಅಳತೆ. ಮುಂದಿನ ಸಭೆಗೆ ಇದನ್ನ ಅಂಟಿಸ್ತೀನಿ. ಟೆಂಪೊ ವಿಷಯ ಇಷ್ಟೇ ಗಟ್ಟಿಯಾಗಿ ಹೇಳ್ಬೇಕು, ತಿಳೀತಾ?"

ಟೆಂಪೊ ಒಳಗೆ ಬಿಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಮೈಕಣ್ಣ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ನೂಲು ಇದೆ ತಾನೇ ಎಂದು. "ಒಂದು ಗಂಟೆ ಹೊತ್ತು ಬಿಟ್ರೆ ಸೊಂಟಕ್ಕೆ ಒಳ್ಳೇದು. ಬಿಡ್ಲಿಲ್ಲ ಅಂದ್ರೆ ಗಾಡಿ ಇದೆಯಲ್ಲ, ತಳ್ಳೋದು," ಎನ್ನುತ್ತಾರೆ. "ಆದ್ರೆ ಕೊನೇ ಸಾಲಿಗೆ ಕೇಳಿಸ್ಬೇಕು ನೋಡಿ. ಒಂದ್ಸಲ, ನಂದೂ."